ಅಮೆರಿಕದ ಅರಿಜೋನಾ ಮರಳುಗಾಡಿನ ಅಲ್ಪಾಕ (ಒಂಟೆ ಬಳಗದ ಉಣ್ಣೆ ಪ್ರಾಣಿ) ಫಾರ್ಮ್ ಸ್ಟೇ, ಮತ್ತೆ ಅಲ್ಲಿಂದ ತಂದ ನೂಲು: ಎರಡು ಚಳಿಗಾಲ ಆದ್ಮೇಲೆ ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ ನಾಲ್ಕೂವರೆ. ಅರ್ಧ ಯಾಕೆ ಕಟ್ ಮಾಡ್ದೆ ಅನ್ನೋದು ಮುಂದೆ ಬರತ್ತೆ. ವಿಜಯನಗರದ ನಮ್ಮನೇಲಿ ಭಾನುವಾರ ಮಧ್ಯಾಹ್ನ ಹೆಣಿಗೆ ಹಾಕೋಕೆ ಅಂತ ಆರೇಳು ಜನ ಸೇರ್ತೀವಿ, ಬಂದೋರೆಲ್ಲ ನನ್ನ ಕಂದು ಶಾಲು ಮುಟ್ಟಿ ಮುಟ್ಟಿ ನೋಡಿ ಎಲ್ಲಿಂದ ತಂದ್ರಿ, ಎಷ್ಟಾಯ್ತು, ಚಿಕ್ಕಪೇಟೇಲಿ ಸಿಗತ್ತಾ, ತೊಳೆದ್ರೆ ಕೂದ್ಲು ಬಿಡತ್ತಾ ಅಂತ ಕೇಳ್ತಾನೇ ಇದಾರೆ, ಒಬ್ಬೊಬ್ರಿಗೂ ಹೇಳೋ ಬದ್ಲು ಒಂದೇ ಸಲ ಬರೆದು ಹಾಕೋಣ ಅಂತ ಇವತ್ತು ಕೂತಿದೀನಿ.

ಫಾರ್ಮ್ ಹೆಸ್ರು ಇಲ್ಲಿ ಹಾಕ್ತಿಲ್ಲ. ಅವ್ರದ್ದು ಮನೆ ಮಂದಿ ನಡೆಸೋ ಜಾಗ, ಅತಿಥಿಗಳಿಗೆ ಅಂತ ಇರೋದು ಒಂದೇ ರೂಮು, ಒಂದೇ ಸಲ ಹತ್ತು ಜನ ಮೆಸೇಜ್ ಮಾಡಿದ್ರೆ ಅವ್ರಿಗೆ ಕಷ್ಟ. ಬೇಕಾದೋರು ನನ್ನನ್ನ ಕೇಳಿ, ಹೇಳ್ತೀನಿ.

ಮಗಳು ಅಳಿಯ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿದಾರೆ. 2024ರ ಮಾರ್ಚ್ ಕೊನೇಲಿ ನಾನು ನಮ್ಮನೆಯವ್ರು ಹೋಗಿ ಆಗಸ್ಟ್‌ವರೆಗೂ ಇದ್ವಿ. ಮಕ್ಕಳ ಮನೆಗೆ ಹೋಗಿ ಬಂದ ಅಪ್ಪ ಅಮ್ಮಂದ್ರಿಗೆಲ್ಲ ಗೊತ್ತಿರತ್ತೆ, ಮೊದಲ ಹದಿನೈದು ದಿನ ಚೆನ್ನಾಗಿರತ್ತೆ, ಆಮೇಲೆ ಅವ್ರು ಲ್ಯಾಪ್‌ಟಾಪ್ ಮುಂದೆ, ನಾವು ಕಿಟಕಿ ಮುಂದೆ. ಕಾರ್ ಇಲ್ದೆ ಎಲ್ಲೂ ಹೋಗೋ ಹಂಗಿಲ್ಲ, ವಾರಕ್ಕೊಂದು ದಿನ ದೇವಸ್ಥಾನ, ಒಂದು ದಿನ ಕಾಸ್ಟ್‌ಕೋ ಅನ್ನೋ ದೊಡ್ಡ ಅಂಗಡಿ. ಗ್ರಾಂಡ್ ಕ್ಯಾನಿಯನ್ ನೋಡ್ಕೊಂಡು ಬಂದ್ವಿ, ಅದೂ ಆಯ್ತು. ಆಗ ಮಗಳು, ಅಮ್ಮಾ ನಿಂಗೆ ಉಣ್ಣೆ ಹುಚ್ಚು ಅಲ್ವಾ, ಒಂದು ಅಲ್ಪಾಕ ಫಾರ್ಮ್ ಇದೆ, ಉಳ್ಕೋಬಹುದು, ಅವ್ರ ಜೊತೆ ಕೆಲ್ಸಾನೂ ಮಾಡ್ಬಹುದು ಅಂತೆ ಅಂದ್ಲು. ಏಪ್ರಿಲ್ ಎರಡನೇ ವಾರ ಎರಡು ರಾತ್ರಿ ಬುಕ್ ಮಾಡಿದ್ಲು. ಒಂದು ರಾತ್ರಿಗೆ ಇಬ್ರಿಗೆ 140 ಡಾಲರ್, ಬೆಳಗಿನ ತಿಂಡಿ ಸೇರಿ. ಆಗಿನ ಲೆಕ್ಕದಲ್ಲಿ ಹನ್ನೊಂದೂವರೆ ಸಾವಿರ ರೂಪಾಯಿ ದಾಟತ್ತೆ, ಕಡಿಮೆ ಏನಲ್ಲ.

ಚಾಂಡ್ಲರ್‌ನಿಂದ ಒಂದೂವರೆ ಗಂಟೆ ದಾರಿ, ಕೊನೇ ಆರೇಳು ಕಿಲೋಮೀಟರ್ ಮಣ್ಣು ರಸ್ತೆ. ಮರಳುಗಾಡು ಅಂದ್ರೆ ರಾಜಸ್ಥಾನದ ಥರ ಮರಳು ದಿಬ್ಬ ಅಂದ್ಕೊಂಡಿದ್ದೆ. ಸೊನೋರಾ ಮರಳುಗಾಡು ಹಂಗಿಲ್ಲ. ಗಟ್ಟಿ ನೆಲ, ಗರಸು ಕಲ್ಲು, ಮುಳ್ಳು ಗಿಡ, ನಡುನಡುವೆ ಎರಡು ಮೂರು ಆಳೆತ್ತರದ ಸಗ್ವಾರೋ ಕಳ್ಳಿ, ಅದಕ್ಕೆ ಮೊದಲನೇ ಕೊಂಬೆ ಒಡೆಯೋಕೇ ಐವತ್ತು ವರ್ಷದ ಮೇಲೆ ಬೇಕಂತೆ. ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 180 ಮಿಲಿಮೀಟರ್, ನಮ್ಮ ಬೆಂಗಳೂರಲ್ಲಿ ಸಾವಿರ ಮಿಲಿಮೀಟರ್ ಹತ್ರ ಬೀಳತ್ತೆ. ಆದ್ರೂ ಕಾರಿಂದ ಇಳಿದು ಬೇಲಿ ಪಕ್ಕ ನಿಂತಾಗ ನಂಗೆ ಅದು ಪರದೇಶ ಅನ್ನಿಸ್ಲೇ ಇಲ್ಲ, ಯಾಕಂದ್ರೆ ಬೇಲಿ ಉದ್ದಕ್ಕೂ ಇದ್ದಿದ್ದು ಬಳ್ಳಾರಿ ಜಾಲಿ! ಅಲ್ಲಿ ಮೆಸ್ಕೀಟ್ ಅಂತಾರೆ, ಜಾತಿ ಸ್ವಲ್ಪ ಬೇರೆ, ಆದ್ರೆ ಅದೇ ಕುಲ, ಅದೇ ಎಲೆ ಅದೇ ಕಾಯಿ ಅದೇ ಮುಳ್ಳು. ನಮ್ಮ ಬಳ್ಳಾರಿ ಜಾಲೀನೂ ಆ ಖಂಡದಿಂದ್ಲೇ ಇಲ್ಲಿಗೆ ಬಂದಿದ್ದು. ನಾನು ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಲ್ಲಿ, ತಾತನ ಮನೇಲಿ ಕುರಿ ರೊಪ್ಪ, ಕಂಬಳಿ ಮಗ್ಗ ಎರಡೂ ಇತ್ತು. ಹತ್ತು ವರ್ಷ ಆಗೋವರೆಗೂ ಜಾಲಿ ನೆರಳಲ್ಲೇ ಆಡಿದೋಳು ನಾನು.

ಮನೇಲಿ ಗಂಡ ಹೆಂಡ್ತಿ, ಹೈಸ್ಕೂಲ್ ಓದೋ ಮಗಳು, ಗಂಡನ ತಾಯಿ. ಐದು ಎಕರೆ ಜಾಗ, ಹದಿನಾಲ್ಕು ಅಲ್ಪಾಕ, ಕಾವಲಿಗೆ ಒಂದು ಲಾಮಾ (ಅಲ್ಪಾಕದ್ದೇ ಬಳಗ, ಅದಕ್ಕಿಂತ ದೊಡ್ಡ ಪ್ರಾಣಿ), ಎರಡು ದೊಡ್ಡ ಬಿಳಿ ನಾಯಿ. ಕಯೋಟಿ ಅಂತ ಒಂಥರಾ ತೋಳದ ಜಾತಿ ಪ್ರಾಣಿ ರಾತ್ರಿ ಬೇಲಿ ಸುತ್ತ ಓಡಾಡ್ತಿರತ್ತೆ, ಅದಕ್ಕೆ ಈ ಕಾವಲು. ಗಂಡ ಸ್ಕೂಲ್ ಬಸ್ ಓಡಿಸ್ತಾರೆ. ಅಲ್ಪಾಕದಿಂದಾನೇ ಮನೆ ನಡೆಯಲ್ಲ ಅಂತ ಮೊದಲ ದಿನಾನೇ ಹೆಂಡ್ತಿ ನೇರವಾಗಿ ಹೇಳಿದ್ರು. 1984ರ ಹೊತ್ತಿಗೆ ಅಮೆರಿಕಕ್ಕೆ ಅಲ್ಪಾಕ ದೊಡ್ಡ ಸಂಖ್ಯೇಲಿ ಬರೋಕೆ ಶುರುವಾಗಿ, ಆಮೇಲೆ ಒಂದೊಂದು ಮರಿಗೂ ಸಾವಿರಾರು ಡಾಲರ್ ಕೊಟ್ಟು ಜನ ಮುಗಿಬಿದ್ರಂತೆ, ನೂಲಿಗಲ್ಲ, ಮರಿ ಮಾರಿ ದುಡ್ಡು ಮಾಡೋಕೆ. 2008ರ ಆರ್ಥಿಕ ಕುಸಿತ ಬಂತು, ರೇಟು ಬಿದ್ದೋಯ್ತು, ಎಷ್ಟೋ ಜನ ಪ್ರಾಣಿ ಸಾಕೋಕೆ ಆಗ್ದೆ ಸುಮ್ನೆ ಕೊಟ್ಬಿಟ್ರು. ಇವ್ರ ಮಂದೆ ಶುರುವಾಗಿದ್ದು ಹಂಗೆ ಯಾರೋ ಕೈಬಿಟ್ಟ ನಾಲ್ಕು ಹೆಣ್ಣಿಂದ. ಈ ಮಾತು ಕೇಳಿದ್ಮೇಲೆ ನಂಗೆ ಆ ಮನೆ ಮೇಲೆ ನಂಬಿಕೆ ಬಂತು. ದುಡ್ಡು ಕೊಟ್ಟು ಬಂದೋರಿಗೆ ಚಂದದ್ದು ಮಾತ್ರ ತೋರಿಸೋ ಜಾಗ ಬೇಕಾದಷ್ಟಿದೆ.

ಅಲ್ಪಾಕ ಅಂದ್ರೆ ಏನು ಅಂತ ಕೇಳೋರಿಗೆ: ಒಂಟೆ ಬಳಗ. ಡುಬ್ಬ ಇಲ್ಲ, ಭುಜದ ಹತ್ರ ಮೂರು ಅಡಿ ಎತ್ತರ, ಮೇಲೆ ಉದ್ದ ಕತ್ತು, ತೂಕ ಅರವತ್ತು ಎಪ್ಪತ್ತು ಕೆಜಿ. ಮೂಲ ಊರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ, ಈಗ್ಲೂ ಜಗತ್ತಲ್ಲಿ ಅತಿ ಹೆಚ್ಚು ಇರೋದು ಪೆರುನಲ್ಲಿ. ವಿಕೂನ್ಯ ಅನ್ನೋ ಕಾಡು ಪ್ರಾಣೀನ ಸಾವಿರಾರು ವರ್ಷ ಪಳಗಿಸಿ ಆದದ್ದು ಇದು. ಒಂಟೆ ಬಳಗಾನೇ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ, ಅಲ್ಲಿಂದ ಒಂದು ಕವಲು ದಕ್ಷಿಣಕ್ಕೆ, ಒಂದು ಕವಲು ಏಷ್ಯಾಕ್ಕೆ ಹೋಯ್ತು, ಆಮೇಲೆ ಹುಟ್ಟಿದ ಜಾಗದಲ್ಲೇ ಅಳಿದೋಯ್ತು. ಹಂಗೆ ನೋಡಿದ್ರೆ ನಮ್ಮ ಮೈಸೂರು ದಸರಾ ಮೆರವಣಿಗೆ ಒಂಟೆಗೂ ಇದಕ್ಕೂ ದೂರದ ದಾಯಾದಿ ಸಂಬಂಧ. ನಾನು ಹೋದ 2024ನ್ನ ವಿಶ್ವಸಂಸ್ಥೆ ಒಂಟೆ ಬಳಗದ ವರ್ಷ ಅಂತ ಘೋಷಿಸಿತ್ತು, ಅವ್ರ ಕೊಟ್ಟಿಗೆ ಬಾಗಿಲ ಮೇಲೆ ಆ ಪೋಸ್ಟರ್ ಅಂಟಿಸಿದ್ರು.

ಈಗ ಕೆಲ್ಸದ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ನಾನು ಸ್ಟಾರ್ ಕೊಟ್ಟಿರೋದೇ ಅದಕ್ಕೆ. ಬೆಳಗ್ಗೆ ಐದೂವರೆಗೆ ಎದ್ದು ಹೋದ್ರೆ ಮೊದಲ ಕೆಲ್ಸ ಹಿಕ್ಕೆ ಬಾಚೋದು. ಅಲ್ಪಾಕಗಳದ್ದು ಒಂದು ಒಳ್ಳೇ ಅಭ್ಯಾಸ, ಇಡೀ ಮಂದೆ ಒಂದೆರಡು ಜಾಗ ಗೊತ್ತು ಮಾಡ್ಕೊಂಡಿರತ್ತೆ, ಎಲ್ಲಾವೂ ಅಲ್ಲೇ ಬಂದು ಹಾಕತ್ತೆ. ಕುರಿ ರೊಪ್ಪ ಗುಡಿಸಿದೋರಿಗೆ ಇದ್ರ ಬೆಲೆ ಗೊತ್ತು. ಥೇಟ್ ಕುರಿ ಹಿಕ್ಕೆ ಥರಾನೇ ಇರತ್ತೆ, ವಾಸನೆ ಕಮ್ಮಿ, ಕೊಳೆಸೋದೂ ಬೇಕಿಲ್ಲ, ನೇರ ಗಿಡದ ಬುಡಕ್ಕೆ ಹಾಕಿದ್ರೂ ಬೇರು ಸುಡಲ್ಲ. ಚೀಲಕ್ಕೆ ತುಂಬಿ ಅಕ್ಕಪಕ್ಕದ ತೋಟದೋರಿಗೆ ಮಾರ್ತಾರೆ. ನಮ್ಮ ಕಡೆ ಹೊಲದಲ್ಲಿ ಕುರಿ ಮಂದೆ ಕೂಡಿಸಿ ರೈತ್ರ ಹತ್ರ ದುಡ್ಡೋ ಕಾಳೋ ಇಸ್ಕೊಳ್ಳೋದನ್ನ ನಾನು ಹೇಳ್ದೆ. ಆಕೆ ಸಲಿಕೆ ನಿಲ್ಸಿ, ಒಂದು ರಾತ್ರಿಗೆ ಎಷ್ಟು ಕುರಿಗೆ ಎಷ್ಟು ಕಾಳು ಅಂತೆಲ್ಲ ಪೂರ್ತಿ ಕೇಳಿದ್ರು. ಹಿಕ್ಕೆ ಬಾಚುವಾಗ ನೋಡೋದೂ ಒಂದು ಕೆಲ್ಸ, ಯಾವುದು ತೆಳ್ಳಗೆ ಹಾಕಿದೆ, ಯಾವುದು ಇವತ್ತು ಬಂದೇ ಇಲ್ಲ ಅಂತ. ಈ ಪ್ರಾಣಿ ಹುಷಾರಿಲ್ದೆ ಇದ್ರೂ ಕೊನೇವರೆಗೂ ತೋರಿಸ್ಕೊಳ್ಳಲ್ವಂತೆ.

ಆಮೇಲೆ ಹುಲ್ಲು. ಒಂದು ಪ್ರಾಣಿಗೆ ದಿನಕ್ಕೆ ಸುಮಾರು ಒಂದೂಕಾಲು ಕೆಜಿ ಒಣಹುಲ್ಲು. ಅಲ್ಲಿ ಬರ್ಮುಡಾ ಹುಲ್ಲು ಅಂತಾರೆ, ಅದು ನಮ್ಮ ಗರಿಕೇನೇ! ಗಣಪತಿಗೆ ಏರಿಸೋ ಗರಿಕೆನ ಕಟ್ಟು ಕಟ್ಟಿ ಟ್ರಕ್‌ನಲ್ಲಿ ತರಿಸ್ತಾರೆ. ಮೇಲುದವಡೆ ಮುಂದೆ ಹಲ್ಲೇ ಇಲ್ಲ ಇವಕ್ಕೆ, ಬರೀ ಗಟ್ಟಿ ವಸಡು, ಕೆಳಗಿನ ಹಲ್ಲಿಂದ ಒತ್ತಿ ಕಿತ್ತು, ಆಮೇಲೆ ಕಾಲು ಮಡಚಿ ಕೂತು ಮೆಲುಕು ಹಾಕ್ತಾವೆ. ಇಡೀ ಹೊತ್ತು ಹ್ಮ್ಮ್ ಹ್ಮ್ಮ್ ಅಂತ ಒಂದು ಸಣ್ಣ ದನಿ. ಮಗು ಮಲಗಿಸುವಾಗ ಅಜ್ಜಿ ಗುನುಗ್ತಾಳಲ್ಲ ಹಂಗೆ. ತಾಯಿ ಮರಿ ಒಂದಕ್ಕೊಂದು ಕಾಣದೆ ಹೋದ್ರೆ ಆ ಗುನುಗು ಜೋರಾಗತ್ತೆ. ಉಗುಳ್ತಾವಾ ಅಂತ ಎಲ್ಲರೂ ಕೇಳ್ತಾರೆ, ಉಗುಳ್ತಾವೆ, ಆದ್ರೆ ಹೆಚ್ಚಾಗಿ ತಮ್ತಮ್ಮಲ್ಲೇ, ಹುಲ್ಲಿನ ಜಗಳಕ್ಕೆ. ಮೈ ಮುಟ್ಟಿಸ್ಕೊಳ್ಳೋದು ಅಂದ್ರೆ ಅಷ್ಟು ಇಷ್ಟ ಇಲ್ಲ, ಕತ್ತಿನ ಪಕ್ಕ ಮೆತ್ತಗೆ ಮುಟ್ಟಿದ್ರೆ ಸುಮ್ನಿರ್ತಾವೆ, ತಲೆ ಸವರೋಕೆ ಹೋದ್ರೆ ದೂರ ಹೋಗ್ತಾವೆ. ಮೊಮ್ಮಕ್ಕಳನ್ನ ಕರ್ಕೊಂಡು ಹೋಗೋರು ಇದನ್ನ ಮೊದ್ಲೇ ಹೇಳಿ ಕರ್ಕೊಂಡು ಹೋಗಿ, ಅಪ್ಕೊಳ್ಳೋಕೆ ಅಲ್ಲಿ ಬಿಡಲ್ಲ, ಬಿಡದೇ ಇರೋದು ಸರೀನೇ.

ನೀರು ಟ್ಯಾಂಕರ್‌ದು. ಇದನ್ನ ಕೇಳಿ ನಮ್ಮನೆಯವ್ರು ನಾನು ಮುಖ ಮುಖ ನೋಡ್ಕೊಂಡ್ವಿ. 2024ರ ಬೇಸಿಗೆ ನಿಮಗೆಲ್ಲ ನೆನಪಿರತ್ತೆ, ಬೆಂಗಳೂರಲ್ಲಿ ಬೋರ್‌ವೆಲ್ ಒಣಗಿ, ಟ್ಯಾಂಕರ್‌ಗೆ ಹೇಳಿದ್ರೆ ಎರಡು ದಿನ ಆದ್ಮೇಲೆ ಬರ್ತಿತ್ತು. ನಾವು ಆ ಕಷ್ಟದಿಂದ ಹೊರಟು ಅಮೆರಿಕಕ್ಕೆ ಬಂದ್ರೆ ಅಲ್ಲೂ ಒಂದು ಕುಟುಂಬ ಪಿಕಪ್ ಹಿಂದೆ ಟ್ಯಾಂಕ್ ಕಟ್ಕೊಂಡು ವಾರಕ್ಕೆರಡು ಸಲ ನೀರು ಹೊತ್ಕೊಂಡು ಬರ್ತಿದೆ. ಬಾತ್‌ರೂಮ್‌ನಲ್ಲಿ ಒಂದು ಚೀಟಿ ಅಂಟಿಸಿದಾರೆ, ಸ್ನಾನ ಐದು ನಿಮಿಷ ಅಂತ. ಆ ಮನೆ ಹುಡುಗಿಗೆ ನಾನು ಒಂದು ಬಕೆಟ್ ಒಂದು ಮಗ್ಗು ಸಾಕು ಅಂತ ತೋರಿಸಿಕೊಟ್ಟೆ. ಪಾತ್ರೆ ತೊಳೆದ ನೀರು ಜಾಲಿ ಬುಡಕ್ಕೆ ಹೋಗತ್ತೆ.

ಎರಡನೇ ದಿನ ಉಣ್ಣೆ ಕತ್ತರಿಸೋರು ಬಂದ್ರು. ನಮ್ಮ ಪುಣ್ಯ, ಆ ದಿನಾನೇ ನಾವು ಅಲ್ಲಿದ್ವಿ. ವರ್ಷಕ್ಕೆ ಒಂದೇ ಸಲ ಕತ್ತರಿಸೋದು, ಅದೂ ಬಿಸಿಲು ಏರೋ ಮುಂಚೆ. ನಮ್ಮ ಕಡೆ ಕುರಿಗೆ ಎರಡು ಸಲ ಕತ್ತರಿಸ್ತಾರೆ, ತಾತ ಕುರಿ ಕಾಲು ಕಟ್ಟಿ ಮಡಿಲಿಗೆ ಎಳ್ಕೊಂಡು ದೊಡ್ಡ ಕತ್ರೀಲಿ ಚಕ್ ಚಕ್ ಅಂತ ಕತ್ತರಿಸ್ತಿದ್ದ. ಇಲ್ಲಿ ನೆಲಕ್ಕೆ ದಪ್ಪ ಚಾಪೆ ಹಾಸಿ, ಮುಂದಿನ ಕಾಲು ಹಿಂದಿನ ಕಾಲು ಮೆತ್ತನೆ ಹಗ್ಗಕ್ಕೆ ಹಾಕಿ ಉದ್ದಕ್ಕೆ ಎಳೆದು ಮಲಗಿಸ್ತಾರೆ, ನೋಡೋಕೆ ಸಂಕಟ ಆಗತ್ತೆ, ಆದ್ರೆ ಒದ್ದಾಡಿದ್ರೆ ಚರ್ಮ ಕುಯ್ದೋಗತ್ತೆ ಅಂತ ಈ ಏರ್ಪಾಡು. ಒಬ್ರು ತಲೆ ಹಿಡ್ಕೋಬೇಕು. ಮೂತಿಗೆ ಒಂದು ಹಳೇ ಕಾಲುಚೀಲ ಹಾಕ್ತಾರೆ, ಉಗುಳು ಅದ್ರಲ್ಲೇ ನಿಲ್ಲತ್ತೆ. ಮೋಕಾ ಅನ್ನೋ ಕಂದು ಹೆಣ್ಣಿನ ತಲೆ ನಾನು ಹಿಡ್ಕೊಂಡಿದ್ದೆ. ಕಣ್ಣು ಎಷ್ಟು ದೊಡ್ಡದು ಅಂದ್ರೆ ಅದ್ರೊಳಗೆ ಕೊಟ್ಟಿಗೆ ತಗಡು, ಆಕಾಶ, ಬಗ್ಗಿರೋ ನನ್ನ ಮುಖ ಎಲ್ಲಾ ಕಾಣ್ತಿತ್ತು. ಕಿವಿ ಹಿಂದೆ ನಾಡಿ ಹೊಡ್ಕೋತಿತ್ತು. ಕರೆಂಟ್ ಮಶೀನ್ ಹೊಟ್ಟೆ ಕಡೆಯಿಂದ ಬೆನ್ನಿಗೆ ಓಡ್ತು, ಬೆನ್ನು ಪಕ್ಕೆ ಉಣ್ಣೆ ಒಂದೇ ಹಾಸು ಥರ ಎದ್ದು ಬಂತು. ಹೊರಗಡೆ ನೋಡಿದ್ರೆ ಧೂಳು ಬಣ್ಣ, ಹುಲ್ಲು ಕಡ್ಡಿ. ಮಗುಚಿ ಹಾಕಿದ್ರೆ ಒಳಗೆ ಜೋನಿಬೆಲ್ಲದ ಬಣ್ಣ, ಹೊಳಪು, ಎಳೆ ಎಳೆಗೂ ಸಣ್ಣ ಸಣ್ಣ ಅಲೆ. ಕೈಗೆ ಜಿಡ್ಡೇ ಇಲ್ಲ. ಕುರಿ ಉಣ್ಣೆ ಮುಟ್ಟಿದ್ರೆ ಕೈಗೆ ಅಂಟೋ ಜಿಡ್ಡು ಇರತ್ತಲ್ಲ, ಇದ್ರಲ್ಲಿ ಅದು ಬಹಳ ಕಡಿಮೆ. ಎಂಟು ನಿಮಿಷದಲ್ಲಿ ಮುಗೀತು, ಅದೇ ಹೊತ್ತಿಗೆ ಉಗುರು ಕತ್ತರಿಸಿ, ಉದ್ದ ಬೆಳೆದ ಹಲ್ಲು ಸಮ ಮಾಡಿ, ಒಂದು ಇಂಜೆಕ್ಷನ್ ಹಾಕಿ ಬಿಟ್ರು. ಎದ್ದು ಹೋಗಿ ಮಂದೆ ಸೇರಿದ್ರೆ ಬೇರೆಯವು ಹತ್ತಿರ ಬಂದು ಮೂಸಿ ಮೂಸಿ ನೋಡ್ತಿದ್ವು.

ಒಟ್ಟು ಎರಡು ಕೆಜಿ ಚಿಲ್ಲರೆ ಬಂತು. ಬೆನ್ನಿಂದು ಬೇರೆ ಚೀಲ, ಕತ್ತು ಕಾಲಿಂದು ಬೇರೆ ಚೀಲ. ಮೊದಲ ದರ್ಜೆ ಬೆನ್ನಿಂದು, ಕಾಲಿಂದು ಒರಟು. ಮಧ್ಯಾಹ್ನ ಪೂರ್ತಿ ಜಾಲರಿ ಮೇಜಿನ ಮೇಲೆ ಹಾಸಿ ಕಡ್ಡಿ ಮುಳ್ಳು ಆಯೋ ಕೆಲ್ಸ. ಆ ಅಜ್ಜಿ ಒಂದು ಕಡೆ, ನಾನು ಒಂದು ಕಡೆ. ಅವ್ರ ಇಂಗ್ಲಿಷು ನಂಗೆ ಅರ್ಧ ಅರ್ಥ ಆಗ್ತಿತ್ತು, ನನ್ನದು ಅವ್ರಿಗೆ ಅರ್ಧ, ಆದ್ರೆ ಕೈಗೆ ಸಿಕ್ಕ ಒರಟು ಕೂದ್ಲನ್ನ ಎತ್ತಿ ತೋರಿಸಿದ್ರೆ ಇಬ್ರಿಗೂ ಗೊತ್ತಾಗ್ತಿತ್ತು. ಎರಡು ಗಂಟೆ ಹಂಗೆ ಕೂತಿದ್ವಿ. ಅಮೆರಿಕದಲ್ಲಿ ಐದು ತಿಂಗಳಲ್ಲಿ ನನಗೆ ಒಬ್ಬ ವಯಸ್ಸಾದ ಹೆಂಗಸಿನ ಜೊತೆ ಕೆಲಸ ಮಾಡ್ತಾ ಕೂರೋಕೆ ಸಿಕ್ಕಿದ್ದು ಅದೊಂದೇ ಮಧ್ಯಾಹ್ನ.

ಸಂಜೆ ಬಿಸಿಲು ಇಳಿದ ಮೇಲೆ ಮರಿಗಳ ಆಟ. ನಾಲ್ಕೂ ಕಾಲು ಒಟ್ಟಿಗೆ ಎತ್ತಿ ನೆಗೀತಾ ಬೇಲಿಯಿಂದ ಬೇಲಿಗೆ ಓಡ್ತಾವೆ, ದೊಡ್ಡವೂ ಸೇರ್ಕೋತಾವೆ. ಮರಿಗೆ ಕ್ರಿಯಾ ಅಂತಾರೆ, ಹನ್ನೊಂದೂವರೆ ತಿಂಗಳು ಹೊಟ್ಟೇಲಿದ್ದು ಹುಟ್ಟತ್ತೆ, ಒಂದೇ ಮರಿ, ಅವಳಿ ತೀರಾ ಅಪರೂಪ, ಹುಟ್ಟೋದೂ ಹೆಚ್ಚಾಗಿ ಹಗಲಲ್ಲೇ. ಆ ರಾತ್ರಿ ಅವ್ರ ಅಡುಗೆಮನೇಲಿ ನಾನು ಉಪ್ಪಿಟ್ಟು ಮಾಡ್ದೆ, ಆಕೆ ಗಂಡ ಎರಡು ಸಲ ಹಾಕಿಸ್ಕೊಂಡ್ರು. ಸಸ್ಯಾಹಾರಿಗಳಿಗೆ ಏನೂ ತೊಂದ್ರೆ ಇಲ್ಲ, ಬೇರೆ ಪಾತ್ರೆ ಕೊಡ್ತಾರೆ, ಒಲೆ ಕೊಡ್ತಾರೆ.

ಏಪ್ರಿಲ್ ನೋಡಿ ಬಂದ್ರೆ ಅರ್ಧ ನೋಡಿದಂಗೆ. ಜುಲೈನಲ್ಲಿ ಬೇಕಾದ್ರೆ ಒಂದು ಬೆಳಗ್ಗೆ ಬನ್ನಿ, ದುಡ್ಡು ಬೇಡ ಅಂತ ಅವ್ರೇ ಕರೆದ್ರು. ಹಿಂದಿನ ರಾತ್ರಿ ಹೋಗಿ ಮಲಗಿ ನಾಲ್ಕು ಗಂಟೆಗೆ ಎದ್ವಿ. ಕತ್ತಲಲ್ಲೇ ಮುಖಕ್ಕೆ ಬಿಸಿ ಗಾಳಿ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು, ಆ ತಿಂಗಳು ಆ ಮನೇಲಿ ಯಾರೂ ಸರಿಯಾಗಿ ನಿದ್ದೆ ಮಾಡಿಲ್ಲ ಅಂದ್ರು ಆಕೆ. ಮಧ್ಯರಾತ್ರಿ ಒಂದು ಸಲ ಎದ್ದು ಟಾರ್ಚ್ ಹಿಡ್ಕೊಂಡು ಹೋಗಿ ಯಾವುದು ಬಾಯಿ ಬಿಟ್ಕೊಂಡು ಉಸಿರಾಡ್ತಿದೆ ಅಂತ ನೋಡ್ಬೇಕು. ಅವ್ರ ಒಂದು ಲೆಕ್ಕ ಇದೆ, ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ಗಾಳೀಲಿರೋ ತೇವದ ಪರ್ಸೆಂಟ್ ಕೂಡ್ಸೋದು, 120ರ ಒಳಗಿದ್ರೆ ಚಿಂತೆ ಇಲ್ಲ, ಅಲ್ಲಿಂದ ಮೇಲೆ ಹುಷಾರು, 180 ದಾಟಿದ್ರೆ ಜೀವಕ್ಕೆ ಅಪಾಯ. ಒಣ ಹವೆಯಾಗಿದ್ರಿಂದ ಜೂನ್‌ನಲ್ಲಿ ತಡ್ಕೋತಾವೆ, ಜುಲೈನಲ್ಲಿ ಮಾನ್ಸೂನ್ ಮೋಡ ಬಂದು ತೇವ ಏರಿದಾಗ್ಲೇ ಕಷ್ಟ. ಈ ಲೆಕ್ಕ ಬೆಂಗಳೂರಿಗೆ ಹಾಕಿ ನೋಡಿದೆ, 30 ಡಿಗ್ರಿ ಅಂದ್ರೆ 86, ಮಳೆಗಾಲದ ತೇವ 70, ಕೂಡಿದ್ರೆ 156! ನಮ್ಮಲ್ಲಿ ತಂದು ಸಾಕಬಹುದಾ ಅಂತ ಕೇಳೋ ಸ್ನೇಹಿತೆಯರಿಗೆ ಇದೇ ಉತ್ತರ, ದಯವಿಟ್ಟು ಆ ಯೋಚ್ನೆ ಬೇಡ.

ಆ ಬೆಳಗ್ಗೆ ನನ್ನ ಕೈಗೆ ಪೈಪ್ ಕೊಟ್ರು. ಬೆನ್ನಿಗೆ ನೀರು ಹಾಕ್ಬಾರ್ದು, ಮೇಲಿನ ಉಣ್ಣೆ ನೆಂದ್ರೆ ಒಳಗೆ ಬಿಸಿ ಹಿಡ್ಕೊಂಡುಬಿಡತ್ತೆ. ಹೊಟ್ಟೆಗೆ, ತೊಡೆ ಸಂದಿಗೆ, ಕಾಲಿಗೆ ಹಾಕ್ಬೇಕು, ಅಲ್ಲಿ ಕೂದ್ಲು ತೆಳ್ಳಗಿರತ್ತೆ. ಪೈಪ್ ಸದ್ದು ಕೇಳಿದ ಕೂಡ್ಲೇ ಹದಿನಾಲ್ಕೂ ಸಾಲಾಗಿ ಬಂದ್ವು. ಮೋಕಾ ಮುಂಗಾಲು ಅಗಲ ಮಾಡಿ ನಿಂತ್ಕೊಂಡು ಕತ್ತು ಚಾಚಿ ಕಣ್ಣು ಅರ್ಧ ಮುಚ್ಚಿತು, ಹೊಟ್ಟೆಯಿಂದ ನೀರು ಕೆಂಪು ಮಣ್ಣಿಗೆ ಸುರಿದು ತೊಟ ತೊಟ ಅಂತಿತ್ತು, ಆ ನೀರು ಹರಿದು ಹೋಗೋದು ಜಾಲಿ ಬುಡಕ್ಕೇ, ಪಾತಿ ಹಂಗೆ ಮಾಡಿದಾರೆ. ಆರೂವರೆ ಹೊತ್ತಿಗೆ ಎಲ್ಲಾ ಕೆಲ್ಸ ಮುಗಿಸಿ ಫ್ಯಾನ್ ಕೆಳಗೆ ಬಿಟ್ವಿ. ಧೂಳು ಗಾಳಿ ಎದ್ರೆ ಅವ್ರಿಗೆ ಇನ್ನೊಂದು ಭಯ, ಅಲ್ಲಿನ ಮಣ್ಣಲ್ಲಿ ಒಂದು ಶಿಲೀಂಧ್ರ ಇದೆ, ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗಿ ವ್ಯಾಲಿ ಫೀವರ್ ಅನ್ನೋ ಕಾಯಿಲೆ ತರತ್ತೆ, ಮನುಷ್ಯರಿಗೂ ಬರತ್ತೆ, ಅಲ್ಪಾಕಗಳಿಗಂತೂ ಬಹಳ ಬೇಗ ಅಂಟತ್ತೆ. ಹಿಂದಿನ ವರ್ಷ ಒಂದು ಬಿಳಿ ಗಂಡು ಅದ್ರಲ್ಲೇ ಹೋಯ್ತಂತೆ. ಅದ್ರ ಕೊರಳಪಟ್ಟಿ ಕೊಟ್ಟಿಗೆ ಮೊಳೇಲಿ ಹಂಗೇ ನೇತಾಡ್ತಿತ್ತು. ಹುಡುಗಿ ಅದನ್ನ ತೆಗೆಯೋಕೆ ಬಿಟ್ಟಿಲ್ಲ ಅಂದ್ರು.

ಉಳಿಯೋದ್ರಲ್ಲಿ ಕೊರತೆ ಏನಂದ್ರೆ, ರೂಮಲ್ಲಿ ಎಸಿ ಇಲ್ಲ, ನೀರಿನ ಕೂಲರ್, ಏಪ್ರಿಲ್‌ಗೆ ಸಾಕು, ಜುಲೈಗೆ ಸಾಲ್ದು. ಫೋನ್ ಸಿಗ್ನಲ್ ಬೇಲಿ ಹತ್ರ ಮಾತ್ರ. ಮಂಡಿ ನೋವಿರೋರಿಗೆ ಮೆಟ್ಲು ಎತ್ತರ. ಧೂಳಿನ ಅಲರ್ಜಿ, ಆಸ್ತಮಾ ಇರೋರು ಡಾಕ್ಟರ್ ಕೇಳದೆ ಹೋಗ್ಬೇಡಿ. ಇದ್ಯಾವುದಕ್ಕೂ ನಾನು ಸ್ಟಾರ್ ಕಳೆದಿಲ್ಲ, ಎಲ್ಲಾ ಮೊದ್ಲೇ ಹೇಳಿದ್ರು.

ಈಗ ನೂಲು. ನೂರು ಗ್ರಾಮ್ ಲಡಿಗೆ ಆಗ 30 ಡಾಲರ್, ಸುಮಾರು ಎರಡೂವರೆ ಸಾವಿರ ರೂಪಾಯಿ. ನಾಲ್ಕು ಲಡಿ ತಗೊಂಡೆ. ದುಬಾರಿ ಹೌದು. ಆದ್ರೆ ಲಡಿ ಮೇಲೆ ಪ್ರಾಣಿ ಹೆಸ್ರಿದೆ, ನನ್ನದು ಮೋಕಾದು, ಹಿಂದಿನ ವರ್ಷದ ಕಟಾವು. ಬಣ್ಣ ಹಾಕಿಲ್ಲ, ಅದ್ರ ಮೈ ಬಣ್ಣಾನೇ. ಇದಕ್ಕೂ ಮುಂಚೆ ಒಂದು ಆನ್‌ಲೈನ್ ಅಂಗಡೀಲಿ ಪ್ಯೂರ್ ಬೇಬಿ ಅಲ್ಪಾಕ ಅಂತ ತರಿಸಿ ಮೋಸ ಹೋಗಿದ್ದೆ, ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಹಿಡಿದ್ರೆ ಕರಗಿ ಗಟ್ಟಿ ಮಣಿ ಆಯ್ತು, ಪ್ಲಾಸ್ಟಿಕ್ ವಾಸನೆ. ನಿಜವಾದ ಉಣ್ಣೆ ಆದ್ರೆ ಕೂದ್ಲು ಸುಟ್ಟ ವಾಸನೆ ಬರತ್ತೆ, ಬೆರಳಲ್ಲಿ ಒತ್ತಿದ್ರೆ ಬೂದಿ ಆಗತ್ತೆ. ಇನ್ನೊಂದು, ಬೇಬಿ ಅಲ್ಪಾಕ ಅಂದ್ರೆ ಮರಿ ಉಣ್ಣೆ ಅಲ್ಲ, ಎಳೆ ಎಷ್ಟು ಸಣ್ಣ ಅನ್ನೋದ್ರ ದರ್ಜೆ ಅದು, ದೊಡ್ಡ ಪ್ರಾಣಿ ಬೆನ್ನಿಂದೂ ಬರಬಹುದು. ಆ ಹೆಸರಿಗೆ ಮರುಳಾಗಿ ದುಡ್ಡು ಹಾಕ್ಬೇಡಿ.

ಶಾಲು ಹೆಣೆಯೋಕೆ ಎರಡು ತಿಂಗಳು ಹಿಡೀತು. ಬೆಂಗಳೂರು ಡಿಸೆಂಬರ್ ಬೆಳಗ್ಗೆ ಐದೂವರೆಗೆ ಪಾರ್ಕ್‌ಗೆ ಹೋಗೋವಾಗ ಇದೊಂದು ಸಾಕು, ಸ್ವೆಟರ್ ಬೇಡ. ಎಳೆ ಒಳಗೆ ಗಾಳಿ ನಿಲ್ಲತ್ತಾದ್ರಿಂದ ಹಗುರ, ಆದ್ರೆ ಕುರಿ ಉಣ್ಣೆಗಿಂತ ಬೆಚ್ಚಗೆ. ಚುಚ್ಚಲ್ಲ, ಕತ್ತಿಗೆ ಸುತ್ಕೊಂಡ್ರೂ ನವೆ ಇಲ್ಲ. ಏಳೂವರೆಗೆ ಬಿಸಿಲು ಬಂದ್ರೆ ಮಾತ್ರ ತೆಗೀಲೇಬೇಕು, ನಮ್ಮ ಊರಿಗೆ ಸ್ವೆಟರ್ ಮಾಡೋ ನೂಲಲ್ಲ ಇದು. ಅಲ್ದೆ ಎಳೆಗೆ ಎಲಾಸ್ಟಿಕ್ ಗುಣ ಕಡಿಮೆ, ಸ್ವೆಟರ್ ಹಾಕಿದ್ರೆ ದಿನ ಕಳೆದಂಗೆ ಉದ್ದ ಇಳಿಯತ್ತೆ. ಶಾಲು, ಟೋಪಿ, ಮಫ್ಲರ್‌ಗೆ ಸರಿ. ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಶಾಂಪೂ ಹಾಕಿ ನೆನೆಸಿ, ಉಜ್ಜದೆ, ಹಿಂಡದೆ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ಹಗ್ಗದ ಮೇಲೆ ನೇತು ಹಾಕಿದ್ರೆ ಮುಗೀತು. ಮಳೆಗಾಲದಲ್ಲಿ ಒಣಗಿದ ಬೇವಿನ ಸೊಪ್ಪು ಹಾಕಿ ಹತ್ತಿ ಬಟ್ಟೇಲಿ ಸುತ್ತಿಡ್ತೀನಿ, ಇದುವರೆಗೂ ಹುಳ ಬಿದ್ದಿಲ್ಲ.

ಕಂಬಳಿಗಿಂತ ಇದು ಮೇಲಾ ಅಂತ ಕೇಳಿದ್ರು ಒಬ್ರು. ಆ ಹೋಲಿಕೆ ಬೇಡ. ಹುಣಸೆ ಬೀಜದ ಸರಿ ಹಚ್ಚಿ ಬಿಗಿಯಾಗಿ ನೆಯ್ದ ಚಳ್ಳಕೆರೆ ಕಂಬಳಿ ಮಳೇಲಿ ತಲೆ ಮೇಲೆ ಹೊದ್ಕೊಂಡು ಕುರಿ ಕಾಯೋಕೆ ಆಗಿರೋದು, ನೆಲದ ಮೇಲೆ ಹಾಸಿದ್ರೆ ಥಂಡಿ ಮೇಲಕ್ಕೆ ಬಿಡಲ್ಲ. ಈ ನೂಲು ಆ ಕೆಲ್ಸ ಮಾಡಲ್ಲ.

ಈಗ ಆ ಅರ್ಧ ಸ್ಟಾರು. ಒಂದು ಚಳಿಗಾಲ ಕಳೆಯೋ ಹೊತ್ತಿಗೆ ಶಾಲು ಭುಜದ ಹತ್ರ, ಚೀಲದ ಪಟ್ಟಿ ಉಜ್ಜೋ ಜಾಗದಲ್ಲಿ, ಸಣ್ಣ ಸಣ್ಣ ಉಂಡೆ ಎದ್ದಿತು. ನಾನು ತೊಳೆದಿದ್ರಲ್ಲೇ ತಪ್ಪಾಯ್ತೇನೋ ಅಂದ್ಕೊಂಡೆ. ನಮ್ಮ ಅವ್ವ ಈಗ ನನ್ನ ಜೊತೆನೇ ಇದಾಳೆ, ಎಂಬತ್ತನಾಲ್ಕು ವರ್ಷ, ಕಣ್ಣು ಅಷ್ಟಾಗಿ ಕಾಣಲ್ಲ. ಹುಡುಗಿಯಾಗಿದ್ದಾಗ ಮಗ್ಗದ ಮನೇಲಿ ಉಣ್ಣೆ ಹಿಂಜಿ ನೂತವಳು. ಉಳಿದಿದ್ದ ಅರ್ಧ ಲಡಿ ಅವಳ ಕೈಗೆ ಕೊಟ್ಟೆ. ಮೊದಲು ಕೆನ್ನೆಗೆ ಒತ್ಕೊಂಡ್ಳು. ಆಮೇಲೆ ಒಂದು ಗೇಣು ಎಳೆ ಎಳೆದು, ಎರಡು ಬೆರಳಲ್ಲಿ ಹುರಿ ಬಿಚ್ಚಿ ನೋಡಿದ್ಲು, ತೊಡೆ ಮೇಲಿಟ್ಟು ಅಂಗೈಲಿ ಮತ್ತೆ ಹೊಸೆದ್ಲು, ಎಳೆದು ನೋಡಿದ್ಲು.

"ಯಾವ ಕುರೀದೇ ಇದು? ಹಿಂಜಿರಾದು ಚೆನ್ನಾಗೈತೆ. ಹುರಿ ಸಾಲ್ದು" ಅಂದ್ಲು.

ಫೋನ್‌ನಲ್ಲಿ ಮೋಕಾ ಫೋಟೋ ದೊಡ್ಡದು ಮಾಡಿ ತೋರಿಸ್ದೆ. ಕತ್ತು ನೋಡಿ, ಇದು ಕುರಿ ಅಲ್ಲ ಕಣೇ ಅಂದ್ಲು.

ಮಗಳ ಕೈಲಿ ಇಂಗ್ಲಿಷ್‌ನಲ್ಲಿ ಬರೆಸಿ ಅವ್ವನ ಮಾತು ಆ ಮನೆಗೆ ಕಳಿಸ್ದೆ, ತೊಡೆ ಮೇಲೆ ಹೊಸೆಯೋ ಚಿಕ್ಕ ವಿಡಿಯೋನೂ ಹಾಕ್ದೆ. ಎರಡು ದಿನಕ್ಕೆ ಉತ್ತರ ಬಂತು, ಮೆತ್ತಗಿರಲಿ ಅಂತ ನೂಲೋ ಮಿಲ್‌ನೋರಿಗೆ ಹುರಿ ಕಡಿಮೆ ಹಾಕೋಕೆ ಅವ್ರೇ ಹೇಳಿದ್ರಂತೆ, ಎಳೆ ಸಡಿಲಾಗಿ ಉಂಡೆ ಎದ್ದಿದ್ದು ಅದಕ್ಕೇ, ಮುಂದಿನ ಕಟಾವಿಗೆ ಜಾಸ್ತಿ ಹಾಕಿಸ್ತೀವಿ ಅಂದ್ರು. ಕೊಟ್ಟಿಗೇಲಿ ಎಲ್ಲರೂ ಕೂತು ಆ ವಿಡಿಯೋ ನೋಡಿದ್ರಂತೆ, ಅವ್ರ ಅಜ್ಜಿ ತಮ್ಮ ತೊಡೆ ಮೇಲೂ ಹೊಸೆದು ನೋಡಿದ್ರಂತೆ. ಹೊಸ ಹುರೀದು ಎರಡು ಲಡಿ ತೆಗೆದಿಡಿ ಅಂತ ಹೇಳಿದೀನಿ, ಮಗಳು ಡಿಸೆಂಬರ್‌ನಲ್ಲಿ ತರ್ತಾಳೆ. ಬಂದ ಮೇಲೆ ಅವ್ವನ ಕೈಗೆ ಕೊಟ್ಟು, ಅವಳು ಏನಂತಾಳೋ ಅದನ್ನ ಇದೇ ರಿವ್ಯೂ ಕೆಳಗೆ ಸೇರಿಸ್ತೀನಿ.